ನಾಯಿಕೆಮ್ಮಿನ ಮೂಲವನ್ನರಸಿದ ಜೂಲ್ ಬೋರ್ಡೆ

ಗಜೇಂದ್ರಗಡದ ಗುಡ್ಡದ ಕೆಳಗೆ ನೇಕಾರರ ಓಣಿಯೊಂದರಲ್ಲಿ ಹುಟ್ಟಿ ಬೆಳೆದವನು ನಾನು. ನಸುಕಿನಲ್ಲಿ ಆರಂಭವಾದ ಮಗ್ಗದ ಸಪ್ಪಳ ದೀಪ ಹಚ್ಚುವ ಹೊತ್ತಿನವರೆಗೂ ಅಲ್ಲಿ ನಿಲ್ಲುತ್ತಿರಲಿಲ್ಲ. ಆ ಸಪ್ಪಳಕ್ಕೆ ನಮ್ಮ ಕಿವಿ ಎಷ್ಟು ಒಗ್ಗಿಹೋಗಿತ್ತೆಂದರೆ, ಅದು ನಿಂತಾಗಲೇ ಮನೆಯಲ್ಲಿ ಏನೋ ಆಗಬಾರದ್ದು ಆಗಿದೆಯೆಂದು ತಿಳಿಯುತ್ತಿತ್ತು. ನಾನು ಕನ್ನಡ ಶಾಲೆಯ ಮೂರನೆಯ ಇಯತ್ತೆಯಲ್ಲಿದ್ದಾಗ, ಒಂದು ಚಳಿಗಾಲದಲ್ಲಿ, ನಮ್ಮ ಮನೆಯ ಮಗ್ಗ ಹೀಗೆ ನಿಂತಿತು. ತಂಗಿಗೆ ನಾಯಿಕೆಮ್ಮು ತಗಲಿತ್ತು.

ಆ ಕೆಮ್ಮನ್ನು ಕೇಳಿದವರು ಮರೆಯಲಾರರು. ಒಂದರ ಹಿಂದೊಂದು, ನಡುವೆ ಉಸಿರಿಗೆ ಎಡೆಗೊಡದೆ, ಹತ್ತಿಪ್ಪತ್ತು ಸಲ ಕೆಮ್ಮು ಬರುತ್ತದೆ. ಮುಖ ಕೆಂಪಾಗಿ, ಕೆಂಪು ನೀಲಿಯಾಗಿ, ಕಣ್ಣುಗಳು ಮುಂದಕ್ಕೆ ಬಂದು, ಇನ್ನೇನು ಮುಗಿಯಿತೆನ್ನುವಾಗ ಗಾಳಿಯನ್ನು ಒಳಗೆಳೆದುಕೊಳ್ಳುವ ಒಂದು ಕೂಗು ಕೇಳಿಸುತ್ತದೆ. ಆ ಕೂಗು ಕೇಳಿಸುವತನಕ ನಮ್ಮ ಅವ್ವ ತಾನೂ ಉಸಿರು ಬಿಗಿಹಿಡಿದು ಕುಳಿತಿರುತ್ತಿದ್ದಳು. ಮೂರು ವರ್ಷದ ತಂಗಿ ಎರಡೂವರೆ ತಿಂಗಳು ಬಳಲಿ ಬದುಕಿಕೊಂಡಳು. ಅದೇ ಓಣಿಯ ಮೊಲೆಗೂಸೊಂದು ಬದುಕಲಿಲ್ಲ. ಅದು ಕೂಗಲೇ ಇಲ್ಲವೆಂದು ಹೆಂಗಸರು ಮಾತಾಡಿಕೊಂಡದ್ದು ನನಗೆ ನೆನಪಿದೆ. ತೀರ ಎಳೆಯ ಕೂಸುಗಳಲ್ಲಿ ಕೂಗು ಕೇಳಿಸದೆ ಉಸಿರೇ ನಿಂತುಬಿಡುವುದುಂಟೆಂಬುದನ್ನು ನಾನು ತಿಳಿದದ್ದು ಬಹಳ ವರ್ಷಗಳ ಮೇಲೆ.

ಮುಂದೆ ನರಗುಂದದಲ್ಲಿ ವಿಜ್ಞಾನದ ಶಿಕ್ಷಕನಾಗಿದ್ದಾಗ, ಒಂದು ಹಳೆಯ ಗ್ರಂಥದಲ್ಲಿ ಆ ರೋಗದ ಸೂಕ್ಷ್ಮಾಣುವನ್ನು ಕಂಡುಹಿಡಿದವನ ಹೆಸರನ್ನು ಮೊದಲು ಓದಿದೆನು. ಆತನು ಬೆಲ್ಜಿಯಮ್ ದೇಶದ ಜೂಲ್ ಬೋರ್ಡೆ. ಪಾಶ್ಚರನ ಹೆಸರು ನಮ್ಮ ವಿದ್ಯಾರ್ಥಿಗಳಿಗೆ ಗೊತ್ತು, ಕಾಕ್‌ನ ಹೆಸರೂ ಗೊತ್ತು. ಬೋರ್ಡೆಯ ಹೆಸರು ನಮ್ಮ ಪಾಠಗಳಲ್ಲಿ ಬರುವುದಿಲ್ಲ. ನಿವೃತ್ತನಾಗಿ ರೋಣದಲ್ಲಿ ನೆಲೆಸಿದ ಮೇಲೆ ನಮ್ಮ ಮನೆಯಲ್ಲಿಯೇ ನಡೆದ ಒಂದು ಘಟನೆ ಈ ಮಹನೀಯನ ಜೀವನವನ್ನು ಮತ್ತೊಮ್ಮೆ ಗಮನವಿಟ್ಟು ಓದುವಂತೆ ಮಾಡಿತು. ಆ ಸಂಗತಿಯನ್ನು ಕೊನೆಗೆ ಹೇಳುವೆನು. ಮೊದಲು ಆತನ ಜೀವನದ ಕಥೆ.

ಜೂಲ್ ಬೋರ್ಡೆ 1870ರ ಜೂನ್ 13ರಂದು ಬೆಲ್ಜಿಯಮ್ಮಿನ ಸ್ವಾನ್ಯಿ ಎಂಬ ಸಣ್ಣ ಊರಿನಲ್ಲಿ ಜನಿಸಿದನು. ಕಲ್ಲುಗಣಿಗಳಿಗೆ ಹೆಸರಾದ ಊರು ಅದು. ತಂದೆ ಶಾಲಾಶಿಕ್ಷಕ. ಮಗನಿಗೆ ನಾಲ್ಕು ವರ್ಷವಾಗಿದ್ದಾಗ ತಂದೆಗೆ ರಾಜಧಾನಿ ಬ್ರಸೆಲ್ಸ್‌ನಲ್ಲಿ ಕೆಲಸ ದೊರೆಯಿತು. ಕುಟುಂಬ ಅಲ್ಲಿಗೆ ಹೋಯಿತು. ಹುಡುಗನ ವಿದ್ಯಾಭ್ಯಾಸ ಅಲ್ಲಿಯೇ ನಡೆಯಿತು. ಹದಿನಾರನೆಯ ವಯಸ್ಸಿನಲ್ಲಿ ಬ್ರಸೆಲ್ಸ್‌ನ ಸ್ವತಂತ್ರ ವಿಶ್ವವಿದ್ಯಾಲಯವನ್ನು ಸೇರಿ, 1892ರಲ್ಲಿ, ಇಪ್ಪತ್ತೆರಡು ತುಂಬುವ ಹೊತ್ತಿಗೆ, ವೈದ್ಯಪದವಿಯನ್ನು ಪಡೆದನು. ಅದೇ ವರ್ಷ ಸೂಕ್ಷ್ಮಾಣುಗಳ ಮಾರಕಶಕ್ತಿಯ ಬಗೆಗೆ ಆತನು ಬರೆದ ಪ್ರಬಂಧ ಪ್ಯಾರಿಸ್ಸಿನ ಪಾಶ್ಚರ್ ಸಂಸ್ಥೆಯ ಪತ್ರಿಕೆಯಲ್ಲಿ ಪ್ರಕಟವಾಯಿತು. ಅದರಿಂದ ತರುಣನಿಗೆ ಸರಕಾರದ ವಿದ್ಯಾರ್ಥಿವೇತನ ದೊರೆತು, 1894ರಲ್ಲಿ ಅವನು ಪ್ಯಾರಿಸ್ಸಿಗೆ ಹೋದನು.

ಅಲ್ಲಿ ಆತನಿಗೆ ದೊರೆತ ಗುರು ರಶಿಯದ ಮೆಚ್ನಿಕಾಫ್. ರಕ್ತದಲ್ಲಿರುವ ಕೆಲವು ಜೀವಕೋಶಗಳು ರೋಗಾಣುಗಳನ್ನು ನುಂಗಿ ನಮ್ಮನ್ನು ರಕ್ಷಿಸುತ್ತವೆಂಬುದು ಮೆಚ್ನಿಕಾಫನ ಸಿದ್ಧಾಂತ. ಜರ್ಮನಿಯ ಪಂಡಿತರು ಇದನ್ನೊಪ್ಪದೆ, ರಕ್ಷಣೆ ಇರುವುದು ಕೋಶಗಳಲ್ಲಲ್ಲ, ರಕ್ತದ ದ್ರವದಲ್ಲಿ ಎಂದು ವಾದಿಸುತ್ತಿದ್ದರು. ಎರಡು ದೇಶಗಳ ನಡುವಿನ ಹಗೆತನವೂ ಈ ವಾದದೊಳಗೆ ಬೆರೆತಿತ್ತು. ಬೋರ್ಡೆ ಕುಳಿತು ಕೆಲಸಮಾಡಿದ್ದು ಮೆಚ್ನಿಕಾಫನ ಪ್ರಯೋಗಶಾಲೆಯಲ್ಲಿ. ಆದರೆ ಆತನ ಪ್ರಯೋಗಗಳು ತೋರಿಸಿಕೊಟ್ಟದ್ದು ದ್ರವದ ಮಹಿಮೆಯನ್ನು. ಗುರುವಿನ ಮತಕ್ಕೆ ಅನುಕೂಲವಲ್ಲದ ಫಲಿತಾಂಶವನ್ನು ಶಿಷ್ಯನು ಮುಚ್ಚಿಡಲಿಲ್ಲ. ಗುರುವೂ ಅದನ್ನು ಪ್ರಕಟಿಸಲು ಅಡ್ಡಿಬರಲಿಲ್ಲ. ಇಬ್ಬರ ದೊಡ್ಡತನಕ್ಕೂ ಇದು ಸಾಕ್ಷಿ.

1895ರ ಆ ಪ್ರಯೋಗ ಅತ್ಯಂತ ಸರಳವಾದುದು. ಕಾಲರಾ ರೋಗಾಣುಗಳನ್ನು ಎದುರಿಸಿ ಗೆದ್ದ ಪ್ರಾಣಿಯ ರಕ್ತದಿಂದ ತೆಗೆದ ತಿಳಿದ್ರವಕ್ಕೆ ಆ ರೋಗಾಣುಗಳನ್ನು ಕೊಲ್ಲುವ ಶಕ್ತಿಯಿರುತ್ತದೆ. ದ್ರವವನ್ನು 55 ಅಂಶದಷ್ಟು ಕಾಯಿಸಿದರೆ ಆ ಶಕ್ತಿ ಹೋಗುತ್ತದೆ. ಆಗ ಅದಕ್ಕೆ, ಕಾಲರಾವನ್ನೇ ಕಾಣದ ಸಾಮಾನ್ಯ ಪ್ರಾಣಿಯ ರಕ್ತದ್ರವವನ್ನು ಒಂದಿಷ್ಟು ಬೆರೆಸಿದರೆ ಶಕ್ತಿ ಮರಳಿ ಬರುತ್ತದೆ. ಆ ಸಾಮಾನ್ಯ ದ್ರವ ತಾನೊಂದೇ ಏನನ್ನೂ ಮಾಡಲಾರದು. ಹಾಗಾದರೆ ರಕ್ತದಲ್ಲಿ ಇರುವ ಶಕ್ತಿಗಳು ಎರಡು. ಒಂದು, ಆಯಾ ರೋಗಾಣುವಿಗಾಗಿಯೇ ಹುಟ್ಟಿದ್ದು, ಕಾವಿಗೆ ಅಳುಕದು. ಇನ್ನೊಂದು ಎಲ್ಲ ಪ್ರಾಣಿಗಳಲ್ಲೂ ಮೊದಲಿನಿಂದಲೇ ಇರುವುದು, ಕಾವಿಗೆ ಕೆಡುವುದು. ಮೊದಲನೆಯದು ಗುರುತು ಹಚ್ಚುತ್ತದೆ, ಎರಡನೆಯದು ಕೊಲ್ಲುತ್ತದೆ. ರೋಗನಿರೋಧ ಶಾಸ್ತ್ರದ ಒಂದು ತಳಗಲ್ಲನ್ನು ಇಪ್ಪತ್ತೈದರ ತರುಣ ಹೀಗೆ ಇಟ್ಟನು. 1898ರಲ್ಲಿ, ಒಂದು ಜಾತಿಯ ಪ್ರಾಣಿಯ ಕೆಂಪು ರಕ್ತಕಣಗಳನ್ನು ಬೇರೆ ಜಾತಿಯ ಪ್ರಾಣಿಗೆ ಚುಚ್ಚಿದಾಗಲೂ ಇದೇ ಬಗೆಯ ವ್ಯಾಪಾರ ನಡೆಯುವುದೆಂದು ತೋರಿಸಿದನು. ಈ ನಡುವೆ 1897ರಲ್ಲಿ ದನಗಳ ದೊಡ್ಡರೋಗವನ್ನು ಅಭ್ಯಾಸಮಾಡಲು ದಕ್ಷಿಣ ಆಫ್ರಿಕದ ಟ್ರಾನ್ಸ್‌ವಾಲಿಗೂ ಹೋಗಿಬಂದಿದ್ದನು.

1899ರಲ್ಲಿ ಮಾರ್ತ್ ಲೆವೋ ಎಂಬಾಕೆಯೊಡನೆ ಆತನ ವಿವಾಹವಾಯಿತು. ಇಬ್ಬರು ಹೆಣ್ಣುಮಕ್ಕಳು, ಒಬ್ಬ ಮಗ. 1901ರಲ್ಲಿ ತಾಯ್ನಾಡು ಕರೆಯಿತು. ಹುಚ್ಚುನಾಯಿ ಕಡಿತಕ್ಕೆ ಚಿಕಿತ್ಸೆ ನೀಡುವ ಮತ್ತು ಸೂಕ್ಷ್ಮಾಣುಗಳನ್ನು ಅಭ್ಯಾಸಮಾಡುವ ಹೊಸ ಸಂಸ್ಥೆಯೊಂದು ಬ್ರಸೆಲ್ಸ್‌ನಲ್ಲಿ ಸ್ಥಾಪಿತವಾಗಿ, ಅದರ ಆಡಳಿತ ಬೋರ್ಡೆಯ ಪಾಲಿಗೆ ಬಂದಿತು. ಎರಡು ವರ್ಷಗಳ ಮೇಲೆ ಪಾಶ್ಚರನ ವಿಧವೆಯು ತನ್ನ ಪತಿಯ ಹೆಸರನ್ನು ಆ ಸಂಸ್ಥೆಗೆ ಇಡಲು ಸಮ್ಮತಿಯಿತ್ತಳು. ಅದು ಬ್ರಸೆಲ್ಸ್‌ನ ಪಾಶ್ಚರ್ ಸಂಸ್ಥೆಯಾಯಿತು. ಅಲ್ಲಿ ಆತನಿಗೆ ಜೊತೆಯಾದವನು ಆಕ್ಟೇವ್ ಝಾಂಗು. ಆತನು ಬೋರ್ಡೆಯ ಸಂಬಂಧಿಕನೂ ಹೌದು, ಸಹೋದ್ಯೋಗಿಯೂ ಹೌದು.

ಈ ಇಬ್ಬರೂ ಕೂಡಿ 1901ರಲ್ಲಿ ಒಂದು ಉಪಾಯವನ್ನು ಹುಡುಕಿದರು. ಗುರುತು ಹಚ್ಚುವ ಶಕ್ತಿ ತನ್ನ ರೋಗಾಣುವನ್ನು ಸಂಧಿಸಿದೊಡನೆ, ಕೊಲ್ಲುವ ಶಕ್ತಿ ಅಲ್ಲಿ ವ್ಯಯವಾಗುತ್ತದೆ. ಅದು ವ್ಯಯವಾಯಿತೋ ಉಳಿಯಿತೋ ಎಂಬುದನ್ನು ಕೆಂಪು ರಕ್ತಕಣಗಳನ್ನು ಬೆರೆಸಿ ನೋಡಬಹುದು. ಉಳಿದಿದ್ದರೆ ಕಣಗಳು ಒಡೆದು ದ್ರವ ಕೆಂಪಾಗುತ್ತದೆ; ವ್ಯಯವಾಗಿದ್ದರೆ ಕಣಗಳು ಒಡೆಯದೆ ತಳದಲ್ಲಿ ಕೂಡುತ್ತವೆ. ಹೀಗೆ, ಕಣ್ಣಿಗೆ ಕಾಣದ ಒಂದು ಸಂಗತಿಯನ್ನು ಕಣ್ಣಿಗೆ ಕಾಣುವ ಬಣ್ಣವಾಗಿ ತಿರುಗಿಸಿದರು. ರೋಗಾಣುವನ್ನು ಹಿಡಿಯದೆಯೇ, ಅದು ದೇಹದೊಳಗೆ ಬಂದುಹೋದ ಹೆಜ್ಜೆಗುರುತನ್ನು ರಕ್ತದಲ್ಲಿ ಓದುವ ವಿದ್ಯೆಗೆ ಇದು ದಾರಿಮಾಡಿತು. 1906ರಲ್ಲಿ ಜರ್ಮನಿಯ ವಾಸರ್ಮನ್ ಮತ್ತು ಆತನ ಸಂಗಡಿಗರು ಇದನ್ನೇ ಫರಂಗಿ ರೋಗದ ಪರೀಕ್ಷೆಗೆ ಬಳಸಿದರು. ಜಗತ್ತಿನಲ್ಲಿ ಹೆಚ್ಚಾಗಿ ಉಳಿದದ್ದು ವಾಸರ್ಮನ್ನನ ಹೆಸರು. ಆ ಪರೀಕ್ಷೆ ಮಲೇರಿಯ ಬಂದವರಲ್ಲಿಯೂ ಕುಷ್ಠರೋಗಿಗಳಲ್ಲಿಯೂ ಕೆಲವೊಮ್ಮೆ ಇಲ್ಲದ ರೋಗವನ್ನು ಇದೆಯೆಂದು ಹೇಳಿಬಿಡುತ್ತಿತ್ತು. ಪರೀಕ್ಷೆಗಳೂ ತಪ್ಪುವುದುಂಟೆಂಬ ಅರಿವು ವೈದ್ಯರಿಗೆ ಆದದ್ದು ಹೀಗೆಯೇ.

ಇನ್ನು ನಾಯಿಕೆಮ್ಮಿನ ಕಥೆ. 1900ರಲ್ಲಿ, ಒಂದು ಕೂಸು ಕೆಮ್ಮಿ ಹೊರಹಾಕಿದ ಕಫವನ್ನು ಬೋರ್ಡೆ ಸೂಕ್ಷ್ಮದರ್ಶಕದ ಅಡಿಯಲ್ಲಿಟ್ಟು ನೋಡಿದನು. ಅಂಡಾಕಾರದ ಬಹು ಸಣ್ಣ ರೋಗಾಣುಗಳು ಅಲ್ಲಿ ಗುಂಪುಗುಂಪಾಗಿ ಕಂಡವು. ಕಂಡದ್ದಾಯಿತು, ಆದರೆ ಬೆಳೆಸುವುದು ಸಾಧ್ಯವಾಗಲಿಲ್ಲ. ಪ್ರಯೋಗಶಾಲೆಗಳಲ್ಲಿ ಅಂದು ಬಳಕೆಯಲ್ಲಿದ್ದ ಯಾವ ಆಹಾರವನ್ನಿಟ್ಟರೂ ಅದು ಬೆಳೆಯದು. ಬೆಳೆಸದ ಹೊರತು ಅದನ್ನು ಇತರ ಸೂಕ್ಷ್ಮಾಣುಗಳಿಂದ ಬೇರ್ಪಡಿಸುವಂತಿಲ್ಲ; ಬೇರ್ಪಡಿಸದ ಹೊರತು ರೋಗಕ್ಕೆ ಅದೇ ಕಾರಣವೆಂದು ಹೇಳುವಂತಿಲ್ಲ. ಬೆಳೆಯಲಿಲ್ಲವಾದ್ದರಿಂದ ತಾನು ಕಂಡದ್ದು ಭ್ರಮೆಯೆಂದು ಬೇರೊಬ್ಬನಾಗಿದ್ದರೆ ಕೈಬಿಡುತ್ತಿದ್ದನೇನೋ. ಬೋರ್ಡೆ ಕೈಬಿಡಲಿಲ್ಲ. ತಪ್ಪು ರೋಗಾಣುವಿನದಲ್ಲ, ತಾನಿಟ್ಟ ಆಹಾರದ್ದು ಎಂದು ಭಾವಿಸಿದನು.

ಆರು ವರ್ಷಗಳ ಮೇಲೆ, 1906ರಲ್ಲಿ, ಬೋರ್ಡೆ ಮತ್ತು ಝಾಂಗು ಸರಿಯಾದ ಆಹಾರವನ್ನು ಕಂಡುಹಿಡಿದರು. ಆಲೂಗಡ್ಡೆಯನ್ನು ಗ್ಲಿಸರಿನ್ ಬೆರೆಸಿದ ನೀರಿನಲ್ಲಿ ಬೇಯಿಸಿ ತೆಗೆದ ಸಾರ, ಅದು ಹೆಪ್ಪುಗಟ್ಟಲು ಅಗರ್, ಮೇಲೆ ಧಾರಾಳವಾಗಿ ರಕ್ತ. ಅಡಿಗೆಮನೆಯ ವಸ್ತುವಿನಂತೆ ತೋರುವ ಈ ಮಿಶ್ರಣದ ಮೇಲೆ ರೋಗಾಣು ಮೆಲ್ಲಮೆಲ್ಲನೆ ಚಿಗುರಿತು. ಮೂರರಿಂದ ಏಳು ದಿನ ಕಾದರೆ, ಪಾದರಸದ ಹನಿಗಳಂತೆ ಹೊಳೆಯುವ ಸಣ್ಣ ಚುಕ್ಕೆಗಳು ಕಾಣುತ್ತವೆ. ಈ ಮಿಶ್ರಣ ಏಕೆ ಫಲಿಸಿತೆಂಬುದು ಮುಂದೆ ತಿಳಿದುಬಂದಿತು. ಈ ರೋಗಾಣು ಕೊಬ್ಬಿನ ಆಮ್ಲಗಳನ್ನು ಕಿಂಚಿತ್ತೂ ತಾಳದು. ಆಲೂಗಡ್ಡೆಯ ಪಿಷ್ಟವೂ ರಕ್ತವೂ ಆ ಆಮ್ಲಗಳನ್ನು ಹೀರಿಕೊಂಡು ಅದಕ್ಕೆ ಬದುಕುವ ನೆಲವನ್ನು ಹಸನುಮಾಡಿಕೊಡುತ್ತವೆ. ಬಿತ್ತಿದ್ದು ಏಳಬೇಕಾದರೆ ಬೀಜ ಒಳ್ಳೆಯದಿದ್ದರೆ ಸಾಲದು, ನೆಲವೂ ಹದವಾಗಿರಬೇಕೆಂಬುದನ್ನು ನಮ್ಮ ರೋಣ-ನರಗುಂದಗಳ ಎರೆಭೂಮಿಯ ಒಕ್ಕಲಿಗರಿಗೆ ಯಾರೂ ಕಲಿಸಬೇಕಾಗಿಲ್ಲ.

ಬೆಳೆಸಿದ ಮೇಲೂ ಅವರು ಆತುರಪಡಲಿಲ್ಲ. ಗಂಟಲಿನಲ್ಲಿ ಸಿಕ್ಕ ಸೂಕ್ಷ್ಮಾಣುಗಳೆಲ್ಲ ರೋಗಕಾರಕಗಳಲ್ಲ. ನಾಯಿಕೆಮ್ಮಿನಿಂದ ಚೇತರಿಸಿಕೊಂಡ ಮಕ್ಕಳ ರಕ್ತದ್ರವವನ್ನು ತೆಗೆದುಕೊಂಡು, ತಾವೇ ಹುಡುಕಿದ್ದ ಹಿಂದಿನ ಉಪಾಯದಿಂದ ಪರೀಕ್ಷಿಸಿ, ಆ ಮಕ್ಕಳ ದೇಹ ಈ ರೋಗಾಣುವನ್ನು ಗುರುತಿಸಬಲ್ಲದೆಂದು ತೋರಿಸಿದರು. ಇನ್ನೊಂದು ಸಂಗತಿಯನ್ನೂ ಅವರು ಗಮನಿಸಿದ್ದರು. ರೋಗದ ಆರಂಭದಲ್ಲಿ ಕಫದ ತುಂಬ ಈ ರೋಗಾಣುವೇ ಇರುತ್ತದೆ; ದಿನ ಕಳೆದಂತೆ ಅದು ವಿರಳವಾಗುತ್ತ ಹೋಗುತ್ತದೆ. ಕೆಮ್ಮು ಉಗ್ರವಾಗಿ, ಇದು ನಾಯಿಕೆಮ್ಮೇ ಎಂದು ಎಲ್ಲರಿಗೂ ತಿಳಿಯುವ ಹೊತ್ತಿಗೆ, ಅಪರಾಧಿ ಬಹುಮಟ್ಟಿಗೆ ಜಾಗ ಖಾಲಿಮಾಡಿರುತ್ತಾನೆ. ಉಳಿಯುವುದು ಅವನು ಮಾಡಿಹೋದ ಗಾಯ. ಓದುಗರು ಈ ಮಾತನ್ನು ನೆನಪಿನಲ್ಲಿಡಬೇಕು. ನನ್ನ ಕಥೆ ನಿಂತಿರುವುದು ಇದರ ಮೇಲೆಯೇ.

1907ರಲ್ಲಿ ಬೋರ್ಡೆ ತಾನು ಓದಿದ ವಿಶ್ವವಿದ್ಯಾಲಯದಲ್ಲಿಯೇ ಸೂಕ್ಷ್ಮಾಣುಶಾಸ್ತ್ರದ ಪ್ರಾಧ್ಯಾಪಕನಾದನು. 1935ರವರೆಗೆ ಪಾಠ ಹೇಳಿದನು. 1914ರಲ್ಲಿ ಜರ್ಮನ್ ಸೈನ್ಯ ಬೆಲ್ಜಿಯಮ್ಮನ್ನು ಆಕ್ರಮಿಸಿತು. ಪ್ರಯೋಗಗಳು ಕುಂಟಿದ ಆ ವರ್ಷಗಳಲ್ಲಿ ಆತನು ರೋಗನಿರೋಧವನ್ನು ಕುರಿತ ತನ್ನ ಮಹಾಗ್ರಂಥವನ್ನು ಬರೆಯುವುದರಲ್ಲಿ ತೊಡಗಿದನು; ಅದು 1920ರಲ್ಲಿ ಪ್ರಕಟವಾಯಿತು. ಅದೇ ವರ್ಷ, ಕಾಯ್ದಿರಿಸಿದ್ದ 1919ರ ನೋಬೆಲ್ ಪಾರಿತೋಷಕವನ್ನು ಆತನಿಗೆ ಘೋಷಿಸಲಾಯಿತು. ವೈದ್ಯಶಾಸ್ತ್ರದಲ್ಲಿ ಆ ಮನ್ನಣೆಯನ್ನು ಪಡೆದ ಮೊದಲ ಬೆಲ್ಜಿಯನ್ ಆತನೇ.

ಆದರೆ ಮಹನೀಯರ ಜೀವನವನ್ನು ಬರೆಯುವಾಗ ಅವರ ಸೋಲನ್ನೂ ಹೇಳದಿದ್ದರೆ ಅದು ಸ್ತೋತ್ರವಾಗುವುದೇ ಹೊರತು ಚರಿತ್ರೆಯಾಗದು. 1917ರಲ್ಲಿ ಪ್ಯಾರಿಸ್ಸಿನ ದೆರೆಲ್ ಎಂಬ ವಿಜ್ಞಾನಿ, ಸೂಕ್ಷ್ಮಾಣುಗಳನ್ನೇ ತಿಂದು ಕರಗಿಸುವ ಇನ್ನೂ ಸಣ್ಣ ಜೀವಿಯೊಂದಿದೆಯೆಂದು ಸಾರಿದನು. ಅದು ಎಷ್ಟು ಸಣ್ಣದೆಂದರೆ ಅಂದಿನ ಯಾವ ಸೂಕ್ಷ್ಮದರ್ಶಕಕ್ಕೂ ಅದು ನಿಲುಕದು. ಬೋರ್ಡೆ ಇದನ್ನೊಪ್ಪಲಿಲ್ಲ. ಹಾಗೆ ಕರಗುವುದು ಸೂಕ್ಷ್ಮಾಣುವಿನದೇ ಒಂದು ಗುಣ, ವಂಶಪಾರಂಪರ್ಯವಾಗಿ ಬರುವ ದೋಷ ಎಂದು ವಾದಿಸಿದನು. ವಾದ ವರ್ಷಗಟ್ಟಲೆ ನಡೆದು ಕಹಿಯಾಯಿತು. 1940ರ ಹೊತ್ತಿಗೆ ಎಲೆಕ್ಟ್ರಾನ್ ಸೂಕ್ಷ್ಮದರ್ಶಕ ಆ ಅತಿಸಣ್ಣ ವೈರಸ್ಸುಗಳ ಚಿತ್ರವನ್ನೇ ತೆಗೆದು ತೋರಿಸಿದಾಗ ದೆರೆಲ್‌ನ ಮಾತು ನಿಜವಾಯಿತು. ಬೆಳೆಯದ ರೋಗಾಣುವನ್ನು ಇದೆಯೆಂದು ಆರು ವರ್ಷ ನಂಬಿ ದುಡಿದವನು, ಕಾಣದ ವೈರಸ್ಸನ್ನು ಇಲ್ಲವೆಂದು ಹೇಳಿ ಸೋತನು. ಆದರೂ ಅವನ ಮಾತು ಪೂರ್ತಿ ಹುಸಿಯಾಗಲಿಲ್ಲ. ಕೆಲವು ವೈರಸ್ಸುಗಳು ಸೂಕ್ಷ್ಮಾಣುವಿನ ವಂಶದ್ರವ್ಯದಲ್ಲಿಯೇ ಅಡಗಿ, ತಲೆಮಾರಿನಿಂದ ತಲೆಮಾರಿಗೆ ಸಾಗಿಬರುತ್ತವೆಂದು 1950ರಲ್ಲಿ ಫ್ರಾನ್ಸಿನ ಲ್ವೋಫ್ ತೋರಿಸಿಕೊಟ್ಟನು. ಬೋರ್ಡೆ ಕಂಡದ್ದು ನಿಜ. ಅದಕ್ಕೆ ಕೊಟ್ಟ ಅರ್ಥ ಅರ್ಧ ಮಾತ್ರ ಸರಿ.

1940ರಲ್ಲಿ ಸಂಸ್ಥೆಯ ಆಡಳಿತವನ್ನು ಮಗ ಪಾಲ್ ಬೋರ್ಡೆಗೆ ಒಪ್ಪಿಸಿದನು. 1952ರಲ್ಲಿ ನಾಯಿಕೆಮ್ಮಿನ ರೋಗಾಣುವಿನ ಕುಲಕ್ಕೆ ಬೋರ್ಡೆಟೆಲ್ಲ ಎಂದು ಆತನ ಹೆಸರಿನಿಂದಲೇ ನಾಮಕರಣವಾಯಿತು. 1961ರ ಏಪ್ರಿಲ್ 6ರಂದು, ತೊಂಬತ್ತು ದಾಟಿದ ಜೂಲ್ ಬೋರ್ಡೆ ಬ್ರಸೆಲ್ಸ್‌ನಲ್ಲಿ ಕಾಲವಶನಾದನು.

ಆತನು ಸಿದ್ಧಪಡಿಸಿದ ಆಲೂಗಡ್ಡೆ-ರಕ್ತದ ತಟ್ಟೆ ಮಾತ್ರ ದೇಶದೇಶಗಳನ್ನು ತಿರುಗಿತು. 1916ರಲ್ಲಿ ಡೆನ್ಮಾರ್ಕಿನ ವೈದ್ಯರು ಆ ತಟ್ಟೆಯನ್ನು ಮಗುವಿನ ಬಾಯಿಯೆದುರು ಹಿಡಿದು ಅದರ ಮೇಲೆಯೇ ಕೆಮ್ಮಿಸುವ ಪದ್ಧತಿಯನ್ನು ಆರಂಭಿಸಿದರು. 1932ರಲ್ಲಿ ಅಮೆರಿಕದ ಮಿಶಿಗನ್ ಸಂಸ್ಥಾನದ ಗ್ರ್ಯಾಂಡ್ ರ‍್ಯಾಪಿಡ್ಸ್ ಎಂಬ ಊರಿನಲ್ಲಿ ಪರ್ಲ್ ಕೆಂಡ್ರಿಕ್, ಗ್ರೇಸ್ ಎಲ್ಡರಿಂಗ್ ಎಂಬ ಇಬ್ಬರು ಮಹಿಳೆಯರು, ಹಗಲೆಲ್ಲ ಪ್ರಯೋಗಶಾಲೆಯ ಕೆಲಸ ಮುಗಿಸಿ, ಸಂಜೆ ಆ ತಟ್ಟೆಗಳನ್ನು ಹಿಡಿದು ರೋಗಿಗಳ ಮನೆಮನೆಗೆ ನಡೆದರು. ದೇಶದಲ್ಲಿ ಕೆಲಸವಿಲ್ಲದೆ ಜನ ಕಂಗೆಟ್ಟಿದ್ದ ಕಾಲ ಅದು. ಸೀಮೆಎಣ್ಣೆಯ ದೀಪದ ಬೆಳಕಿನಲ್ಲಿ ಬಡವರ ಮಕ್ಕಳನ್ನು ಅವರು ಪರೀಕ್ಷಿಸಿದರು. ಹಾಗೆ ಕೂಡಿಸಿದ ರೋಗಾಣುಗಳಿಂದಲೇ ನಂಬಿಕೆಗೆ ಅರ್ಹವಾದ ಲಸಿಕೆಯನ್ನು ಸಿದ್ಧಪಡಿಸಿದರು. ಮುಂದೆ ಅದು ಗಂಟಲಮಾರಿ, ಧನುರ್ವಾಯುಗಳ ಲಸಿಕೆಯೊಡನೆ ಕೂಡಿ ಮೂರು ರೋಗಗಳಿಗೆ ಒಂದೇ ಚುಚ್ಚುಮದ್ದಾಯಿತು. ನಮ್ಮ ದೇಶದಲ್ಲಿ 1978ರಿಂದ, ಹಾಗೂ 1985ರ ಸಾರ್ವತ್ರಿಕ ಕಾರ್ಯಕ್ರಮದಿಂದ ಇನ್ನೂ ವ್ಯಾಪಕವಾಗಿ, ಹಳ್ಳಿಹಳ್ಳಿಗೂ ಅದು ಬಂದಿತು. ಗಜೇಂದ್ರಗಡದ ಓಣಿಯಲ್ಲಿ ಆ ಕೂಗು ಅಪರೂಪವಾದದ್ದು ಹೀಗೆ.

ಇನ್ನು ನಮ್ಮ ಮನೆಯ ಸಂಗತಿ. ಕೆಲವು ವರ್ಷಗಳ ಹಿಂದೆ ನನಗೊಂದು ಕೆಮ್ಮು ಹತ್ತಿತು. ಜ್ವರವಿಲ್ಲ, ಕೂಗಿಲ್ಲ, ರಾತ್ರಿ ಮಾತ್ರ ಕೆಮ್ಮಿ ಕೆಮ್ಮಿ ವಾಂತಿಯಾಗುವಷ್ಟು. ಅದೇ ಸಮಯಕ್ಕೆ ಕಿರಿಯ ಮಗಳು ಬಾಣಂತನಕ್ಕೆಂದು ರೋಣದ ನಮ್ಮ ಮನೆಗೆ ಬರುವವಳಿದ್ದಳು. ಬಾಲ್ಯದ ಆ ಚಳಿಗಾಲ ನೆನಪಾಗಿ, ನಾನಾಗಿಯೇ ಪರೀಕ್ಷೆಗೆ ಹೋದೆನು. ಅಷ್ಟು ಹೊತ್ತಿಗೆ ಕೆಮ್ಮು ಹತ್ತಿ ಒಂದು ತಿಂಗಳು ಮೀರಿತ್ತು. ಪಟ್ಟಣದ ಒಂದು ಪ್ರಯೋಗಶಾಲೆಯಲ್ಲಿ ಹತ್ತಿ ಸುತ್ತಿದ ಕಡ್ಡಿಯಿಂದ ಗಂಟಲನ್ನು ಒರೆಸಿ ತೆಗೆದುಕೊಂಡರು. ವಾರದ ಮೇಲೆ ಬಂದ ಕಾಗದದಲ್ಲಿ ರೋಗಾಣು ಬೆಳೆಯಲಿಲ್ಲವೆಂದು ಬರೆದಿತ್ತು. ನಾನು ಅದನ್ನು ರೋಗಾಣು ಇಲ್ಲವೆಂದು ಓದಿಕೊಂಡೆನು. ವಿಜ್ಞಾನ ಕಲಿಸಿದ ನಾನು, ಬೋರ್ಡೆಯ ಹೆಸರನ್ನು ಬಲ್ಲ ನಾನು, ಹಾಗೆ ಓದಿಕೊಂಡೆನು. ನಿಶ್ಚಿಂತನಾಗಿ ಕೂಸನ್ನು ಎತ್ತಿಕೊಂಡೆನು.

ಮೊದಲ ಚುಚ್ಚುಮದ್ದಿಗೆ ಆರು ವಾರ ತುಂಬಬೇಕು. ಕೂಸಿಗೆ ಐದು ವಾರವಾಗಿದ್ದಾಗ ಅದು ಹಾಲು ಕುಡಿಯುತ್ತ ಕುಡಿಯುತ್ತ ನೀಲಿಯಾಯಿತು. ಕೂಗಲಿಲ್ಲ. ಹುಬ್ಬಳ್ಳಿಯ ಆಸ್ಪತ್ರೆಗೆ ಒಯ್ದೆವು. ರಕ್ತದಲ್ಲಿ ಬಿಳಿಯ ಕಣಗಳು ವಿಪರೀತ ಹೆಚ್ಚಿದ್ದುದನ್ನು ಕಂಡು ಅಲ್ಲಿಯ ವೈದ್ಯರಿಗೆ ಸಂಶಯ ಬಂದಿತು. ಮೂಗಿನ ಹಿಂಭಾಗದಿಂದ ದ್ರವ ತೆಗೆದು ಪಿ.ಸಿ.ಆರ್. ಪರೀಕ್ಷೆಗೆ ಕಳಿಸಿದರು, ಫಲಿತಾಂಶಕ್ಕೆ ಕಾಯದೆ ಔಷಧವನ್ನೂ ಆರಂಭಿಸಿದರು. ನಾಯಿಕೆಮ್ಮೇ ಎಂದು ತಿಳಿಯಿತು. ನನ್ನ ರಕ್ತವನ್ನೂ ತೆಗೆದು ದೂರದ ಪ್ರಯೋಗಶಾಲೆಗೆ ಕಳಿಸಿದರು. ಈ ರೋಗದ ವಿಷದ ವಿರುದ್ಧ ನನ್ನ ರಕ್ತದಲ್ಲಿ ಪ್ರತಿಶಕ್ತಿ ಬಹಳ ಏರಿತ್ತು. ರೋಗಾಣು ನನ್ನಲ್ಲಿಗೆ ಬಂದುಹೋಗಿತ್ತು.

ಹದಿನೆಂಟು ದಿನ ಆಸ್ಪತ್ರೆಯ ಹೊರಗಿನ ಬಾಕಿನ ಮೇಲೆ ಕುಳಿತು, ಒಂದೇ ರೋಗಕ್ಕೆ ಮೂರು ಪರೀಕ್ಷೆಗಳು ಮೂರು ಬಗೆಯ ಮಾತನ್ನೇಕೆ ಆಡಿದವೆಂದು ವೈದ್ಯರನ್ನು ಕೇಳಿ ಕೇಳಿ ತಿಳಿದುಕೊಂಡೆನು. ನಿಜವಾಗಿ ರೋಗವಿರುವ ನೂರು ಮಂದಿಯಲ್ಲಿ ಎಷ್ಟು ಮಂದಿಯನ್ನು ಪರೀಕ್ಷೆ ಗುರುತಿಸುತ್ತದೆಂಬುದು ಅದರ ಸೂಕ್ಷ್ಮಗ್ರಾಹಿತೆ. ರೋಗವಿಲ್ಲದ ನೂರು ಮಂದಿಯಲ್ಲಿ ಎಷ್ಟು ಮಂದಿಯನ್ನು ಸರಿಯಾಗಿ ಬಿಟ್ಟುಕೊಡುತ್ತದೆಂಬುದು ಅದರ ನಿರ್ದಿಷ್ಟತೆ. ಬೋರ್ಡೆಯ ತಟ್ಟೆಯಲ್ಲಿ ರೋಗಾಣು ಬೆಳೆಯಿತೆಂದರೆ ಸಂಶಯಕ್ಕೆ ಎಡೆಯೇ ಇಲ್ಲ. ಅದರ ನಿರ್ದಿಷ್ಟತೆ ನೂರಕ್ಕೆ ನೂರು. ಆದರೆ ರೋಗವಿರುವ ನೂರು ಮಂದಿಯಲ್ಲಿ ಅದು ಹಿಡಿಯುವುದು, ಬೇರೆಬೇರೆ ಅಧ್ಯಯನಗಳಂತೆ, 12ರಿಂದ 60 ಮಂದಿಯನ್ನು ಮಾತ್ರ. ಮೊದಲ ಎರಡು ವಾರಗಳಲ್ಲಿ, ಔಷಧ ಕೊಡುವ ಮೊದಲು, ಎಳೆಯ ಮಕ್ಕಳಲ್ಲಿ ನೋಡಿದರೆ ಹೆಚ್ಚು, ತಡವಾದಷ್ಟೂ ಕಡಿಮೆ, ವಯಸ್ಕರಲ್ಲಿ ಇನ್ನೂ ಕಡಿಮೆ.

ಪಿ.ಸಿ.ಆರ್. ಪರೀಕ್ಷೆಗೆ ಜೀವಂತ ರೋಗಾಣು ಬೇಕಾಗಿಲ್ಲ. ರೋಗಾಣುವಿನ ವಂಶದ್ರವ್ಯದ ಒಂದು ತುಣುಕು ದೊರೆತರೆ ಅದನ್ನು ಮತ್ತೆ ಮತ್ತೆ ಇಮ್ಮಡಿಸಿ ಕಾಣುವಂತೆ ಮಾಡುತ್ತದೆ. ಸಾಮಾನ್ಯವಾಗಿ ಹುಡುಕುವ ತುಣುಕು ಒಂದೊಂದು ರೋಗಾಣುವಿನಲ್ಲಿಯೂ ನೂರಾರು ಸಲ ಪುನರಾವೃತ್ತವಾಗಿರುವುದರಿಂದ, ಬೆರಳೆಣಿಕೆಯ ರೋಗಾಣುಗಳಿದ್ದರೂ ಸಾಕು. ನೂರರಲ್ಲಿ 70ರಿಂದ 99 ಮಂದಿಯವರೆಗೂ ಅದು ಗುರುತಿಸುತ್ತದೆ. ಮೂರು ನಾಲ್ಕು ವಾರಗಳವರೆಗೂ ಉಪಯೋಗಕ್ಕೆ ಬರುತ್ತದೆ. ಅತಿಯಾದ ಸೂಕ್ಷ್ಮತೆಗೂ ತನ್ನದೇ ದೋಷವುಂಟು. ಬೇರೊಂದು ಜಾತಿಯ ರೋಗಾಣುವಿನಲ್ಲಿ ಅದೇ ತುಣುಕು ಇರಬಹುದು. ಧೂಳಿನ ಕಣದಷ್ಟು ಕಲಬೆರಕೆಯಾದರೂ ಸಾಕು, ಇಲ್ಲದ್ದು ಇದೆಯೆಂದಾಗುತ್ತದೆ. 2006ರಲ್ಲಿ ಅಮೆರಿಕದ ನ್ಯೂ ಹ್ಯಾಂಪ್‌ಶೈರ್ ಸಂಸ್ಥಾನದ ಒಂದು ಆಸ್ಪತ್ರೆಯಲ್ಲಿ ಈ ಪರೀಕ್ಷೆಯನ್ನೇ ನಂಬಿ ನೂರಕ್ಕೂ ಹೆಚ್ಚು ಮಂದಿಗೆ ನಾಯಿಕೆಮ್ಮೆಂದು ತಿಳಿದರು. ಸಾವಿರಾರು ಮಂದಿಗೆ ಔಷಧ, ಲಸಿಕೆ ನಡೆದವು. ಕೊನೆಗೆ ಬೋರ್ಡೆಯ ರೀತಿಯಲ್ಲಿ ಬೆಳೆಸಿ ನೋಡಿದಾಗ ಒಬ್ಬರಲ್ಲಿಯೂ ರೋಗಾಣು ಏಳಲಿಲ್ಲ. ಅದು ನಾಯಿಕೆಮ್ಮೇ ಅಲ್ಲವೆಂದು ತೀರ್ಮಾನವಾಯಿತು.

ರಕ್ತಪರೀಕ್ಷೆಯದು ಇನ್ನೊಂದು ಬಗೆ. ದೇಹ ಪ್ರತಿಶಕ್ತಿಯನ್ನು ಸಿದ್ಧಪಡಿಸಲು ಎರಡು ವಾರವಾದರೂ ಬೇಕು. ಆದ್ದರಿಂದ ಉಳಿದೆರಡು ಪರೀಕ್ಷೆಗಳು ಸೋಲುವ ಹೊತ್ತಿಗೆ ಇದರ ಕಾಲ ಆರಂಭವಾಗಿ, ಎಂಟು ಹನ್ನೆರಡು ವಾರಗಳವರೆಗೆ ನಡೆಯುತ್ತದೆ. ಇತ್ತೀಚೆಗೆ ಲಸಿಕೆ ಪಡೆದವರಲ್ಲಿ ಇದರ ಮಾತು ನಂಬಲಾಗದು. ಎಳೆಗೂಸುಗಳಲ್ಲಿ ಇದು ಉಪಯೋಗವಿಲ್ಲ. ಒಂದೊಂದು ಪರೀಕ್ಷೆಗೂ ಒಂದೊಂದು ಕಾಲ, ಒಂದೊಂದು ವಯಸ್ಸು. ತಿಂಗಳು ಮೀರಿದ ಕೆಮ್ಮಿಗೆ ನನ್ನ ರಕ್ತವನ್ನು ನೋಡಬೇಕಾಗಿತ್ತು, ಗಂಟಲನ್ನು ನೋಡಿದರು. ಅದರಲ್ಲಿಯೂ ಈ ರೋಗಾಣು ನೆಲಸುವುದು ಮೂಗಿನ ಹಿಂಭಾಗದಲ್ಲಿ, ಗಂಟಲಿನಲ್ಲಲ್ಲ.

ಕಡ್ಡಿಗೆ ಸುತ್ತಿದ ಹತ್ತಿಯ ಸಂಗತಿಯನ್ನು ಕೇಳಿದಾಗ ಮಾತ್ರ ನಾನು ಬಹಳ ಹೊತ್ತು ಸುಮ್ಮನಾದೆನು. ಹತ್ತಿಯಲ್ಲಿ ಸಹಜವಾಗಿಯೇ ಕೊಬ್ಬಿನ ಆಮ್ಲಗಳಿರುತ್ತವೆ. ಬೋರ್ಡೆಯ ರೋಗಾಣುವನ್ನು ಅವು ತಟ್ಟೆಗೆ ಮುಟ್ಟುವ ಮೊದಲೇ ಕುಗ್ಗಿಸಿಬಿಡುತ್ತವೆ. ಕೃತಕ ನೂಲಿನ ಕಡ್ಡಿ ಬಳಸಬೇಕಂತೆ. ನಮ್ಮ ಎರೆಭೂಮಿ ಬೆಳೆಯುವುದು ಹತ್ತಿ. ಗಜೇಂದ್ರಗಡದ ನಮ್ಮ ಮನೆ ಉಂಡದ್ದು ಹತ್ತಿಯ ನೂಲಿನಿಂದ. ಆ ನಿರಪರಾಧಿ ಹತ್ತಿಯ ಮೇಲೆ ನಾನು ದೋಷ ಹೊರಿಸಲಾರೆ. ತಪ್ಪು, ಬೆಳೆಯಲಿಲ್ಲವೆಂಬ ಮಾತನ್ನು ಇಲ್ಲವೆಂದು ಓದಿದ ನನ್ನದು. ಕೆಮ್ಮುವವನು ಕಾಗದ ಏನೇ ಹೇಳಲಿ ಎಳೆಗೂಸಿನಿಂದ ದೂರವಿರಬೇಕೆಂಬ ಸಾಮಾನ್ಯ ವಿವೇಕ ನಮ್ಮ ಅವ್ವನಿಗಿತ್ತು. ಓದಿದ ನನಗೆ ಇರಲಿಲ್ಲ.

ಲಸಿಕೆಯ ಬಲವೂ ರೋಗ ಬಂದುಹೋದ ಬಲವೂ ಕೆಲವು ವರ್ಷಗಳಲ್ಲಿ ಕುಂದುತ್ತವೆ. ದೊಡ್ಡವರಲ್ಲಿ ಈ ರೋಗ ಬರಿಯ ಹಟಮಾರಿ ಕೆಮ್ಮಿನ ವೇಷದಲ್ಲಿರುತ್ತದೆ. ಮನೆಯಲ್ಲಿ ಎಳೆಗೂಸಿದ್ದರೆ ತನ್ನ ನಿಜರೂಪವನ್ನು ತೋರುತ್ತದೆ. ಅದಕ್ಕಾಗಿಯೇ ಹಲವು ದೇಶಗಳಲ್ಲಿ ಗರ್ಭಿಣಿಯರಿಗೇ ಈ ಲಸಿಕೆಯನ್ನು ಕೊಟ್ಟು, ತಾಯಿಯ ರಕ್ತದ ಪ್ರತಿಶಕ್ತಿ ಹುಟ್ಟುವ ಕೂಸಿಗೆ ಹರಿಯುವಂತೆ ಮಾಡುತ್ತಾರೆ. ಬಾಣಂತಿಯಿರುವ ಮನೆಯ ಹಿರಿಯರು ಇದನ್ನು ವೈದ್ಯರೊಡನೆ ಕೇಳಿ ತಿಳಿಯುವುದು ಒಳ್ಳೆಯದು.

ಕೂಸು ಹತ್ತೊಂಬತ್ತನೆಯ ದಿನ ಮನೆಗೆ ಬಂದಿತು. ಈಗ ಅದು ಶಾಲೆಗೆ ಹೋಗುವ ಹುಡುಗಿ. ಹೋದ ತಿಂಗಳು ನನ್ನ ಮೇಜಿನ ಮೇಲಿದ್ದ ಗ್ರಂಥದಲ್ಲಿ ಗಡ್ಡಮೀಸೆಯ ಬೋರ್ಡೆಯ ಚಿತ್ರವನ್ನು ಕಂಡು, ಈ ಅಜ್ಜ ಯಾರೆಂದು ಕೇಳಿದಳು. ಆಲೂಗಡ್ಡೆಯನ್ನು ಬೇಯಿಸಿ ಅದರಲ್ಲಿ ನಾಯಿಕೆಮ್ಮನ್ನು ಹಿಡಿದವನು ಎಂದೆನು. ಅವಳು ನಕ್ಕು ಆಡಲು ಓಡಿದಳು. ಪ್ರಯೋಗಶಾಲೆಯ ಆ ಹಳೆಯ ಕಾಗದವನ್ನು ನಾನಿನ್ನೂ ಅದೇ ಗ್ರಂಥದೊಳಗೆ ಇಟ್ಟಿರುವೆನು.